ಕನ್ಸರ್ವೆನ್ಸಿ ಗಲ್ಲಿಯ ಬಾಯಲ್ಲೊಂದು ಅರಳಿಕಟ್ಟೆ

ಆ ಜಾಗದ ಮೊದಲ ನಕ್ಷೆಯನ್ನು ನಾನು ಅಲ್ಲಿ ಅರ್ಧ ಗಂಟೆಯೂ ಕೂರದೆ ಬರೆದಿದ್ದೆ. ವಾಸ್ತುಶಿಲ್ಪದ ಐದು ವರ್ಷದ ಪದವಿ ಮುಗಿಸಿ, ಹಿರಿಯರೊಬ್ಬರ ಕಚೇರಿಯಲ್ಲಿ ಮೂರು ವರ್ಷ ಮನೆಗಳ ನಕ್ಷೆಗಳನ್ನೇ ಬರೆದು ಹೊರಬಂದಿದ್ದ ನನಗೆ ಸಿಕ್ಕ ಮೊದಲ ಸಾರ್ವಜನಿಕ ಕೆಲಸ ಅದು. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಪಡುವಲ ಮತ್ತು ತೆಂಕಲ ರಸ್ತೆಗಳು ಕೂಡುವ ಮೂಲೆ; ನಡುವೆ ಒಂದು ಅರಳಿಕಟ್ಟೆ, ಅರಳಿಯನ್ನು ತಬ್ಬಿಕೊಂಡೇ ಬೆಳೆದ ಬೇವು, ಬುಡದಲ್ಲಿ ನಾಲ್ಕು ನಾಗರಕಲ್ಲು; ಬಡಗಲಿಗೆ ಹತ್ತು ಅಡಿ ಅಗಲದ ಕನ್ಸರ್ವೆನ್ಸಿ ಗಲ್ಲಿಯ, ಅಂದರೆ ಮನೆಗಳ ಹಿತ್ತಲ ನಡುವಿನ ಕಿರುದಾರಿಯ ಬಾಯಿ, ಮೂಡಲಿಗೆ ಒಂದು ಮನೆಯ ಕಾಂಪೌಂಡ್ ಗೋಡೆ. ಎಲ್ಲ ಸೇರಿ 40 ಅಡಿಗೆ 55 ಅಡಿ. ನಕ್ಷೆಯನ್ನು ನಿವಾಸಿಗಳ ಸಂಘ ಮಾಡಿಸಿಕೊಡುವುದು, ಕೆಲಸವನ್ನು ವಾರ್ಡಿನ ಅನುದಾನದಲ್ಲಿ ಮಾಡಿಸುವುದು ಎಂದು ಮಾತಾಗಿತ್ತು. ನಾನು ಬರೆದುಕೊಟ್ಟದ್ದು ಕಟ್ಟೆಗೆ ಬೆನ್ನು ಕೊಟ್ಟು ಪಡುವಲ ರಸ್ತೆಗೆ ಮುಖ ಮಾಡಿದ ಅರ್ಧಚಂದ್ರಾಕಾರದ ಮೂರು ಮೆಟ್ಟಿಲ ಬಯಲು ರಂಗ, ಪಾಲಿಶ್ ಮಾಡಿದ ಗ್ರಾನೈಟ್ ನೆಲ, ಅಂಚಿಗೆ ಹೂಕುಂಡಗಳ ಸಾಲು. ಸಂಘದ ಸಭೆಯಲ್ಲಿ ಎಲ್ಲರೂ ಚೆನ್ನಾಗಿದೆ ಎಂದರು. ಹಿಂದಿನ ಸಾಲಿನಲ್ಲಿದ್ದ ಒಬ್ಬರು ಅಜ್ಜಿ ಮಾತ್ರ ಹಾಳೆಯನ್ನು ಆಚೀಚೆ ತಿರುಗಿಸಿ ನೋಡಿ ಕೇಳಿದರು: "ಮೆಟ್ಟಿಲೆಲ್ಲ ಪಡುವಲಕ್ಕೆ ಮುಖ ಮಾಡಿದೀಯಲ್ಲ ಕಣಮ್ಮ, ಸಂಜೆ ನಾಲ್ಕು ಗಂಟೆ ಬಿಸಿಲಲ್ಲಿ ಅಲ್ಲಿ ಯಾರು ಕೂತ್ಕೋತಾರೆ?"

ನನ್ನಲ್ಲಿ ಉತ್ತರವಿರಲಿಲ್ಲ. ಜಾಗವನ್ನು ಅಳೆದಿದ್ದೆ, ಮರದ ಸುತ್ತಳತೆಯನ್ನೂ ಬರೆದುಕೊಂಡಿದ್ದೆ, ಹೊತ್ತನ್ನು ಅಳೆದಿರಲಿಲ್ಲ. ನಕ್ಷೆಯನ್ನು ಹಿಂದಕ್ಕೆ ಪಡೆದು, ಹದಿನೈದು ದಿನ ಕೊಡಿ ಎಂದು ಕೇಳಿಕೊಂಡೆ. ಆ ಹದಿನೈದು ದಿನ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರ ತನಕ, ಊಟದ ಹೊತ್ತು ಬಿಟ್ಟು, ಕಟ್ಟೆಯ ಎದುರಿನ ಅಂಗಡಿಯ ಜಗಲಿಯಲ್ಲಿ ಕುಳಿತೆ. ಇಂದಿಗೂ ನಾನು ಮಾಡಿದ ವಿನ್ಯಾಸದ ಕೆಲಸವೆಂದರೆ ಅದೇ ಎಂದು ನಂಬಿದ್ದೇನೆ. ಆಮೇಲೆ ಕಾಗದದ ಮೇಲೆ ಬಿದ್ದದ್ದು ಅದರ ಬರಹರೂಪ ಮಾತ್ರ.

ಅರ್ಧ ಗಂಟೆಗೊಮ್ಮೆ ಬರೆದುಕೊಳ್ಳುತ್ತಿದ್ದದ್ದು ನಾಲ್ಕೇ ಸಂಗತಿ: ಯಾರಿದ್ದಾರೆ, ಎಲ್ಲಿದ್ದಾರೆ, ನಿಂತಿದ್ದಾರೋ ಕುಳಿತಿದ್ದಾರೋ, ಯಾವ ಕಡೆಗೆ ಮುಖ ಮಾಡಿದ್ದಾರೆ. ಅಮೆರಿಕದ ವಿಲಿಯಂ ವೈಟ್ 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನರನ್ನು ಗಮನಿಸಿ, ಕೂರಲು ಎಡೆಯಿದ್ದಲ್ಲಿ ಜನ ಕೂರುತ್ತಾರೆ ಎಂಬ ಸರಳ ಸಂಗತಿಯನ್ನು ಕಂಡುಕೊಂಡದ್ದನ್ನು ಕಾಲೇಜಿನಲ್ಲಿ ಓದಿದ್ದೆ. ನಮ್ಮ ಕಟ್ಟೆಯ ಮೇಲೆ ಆ ಮಾತು ಅರ್ಧ ಮಾತ್ರ ನಿಜವಾಗಿತ್ತು. ಬೆಳಗಿನ ಜಾವ ಪೇಪರ್ ಹಾಕುವ ಹುಡುಗರು ಕಟ್ಟೆಯ ಮೇಲೆ ಪುರವಣಿ ಸೇರಿಸಿಕೊಂಡು ಹೋಗುತ್ತಿದ್ದರು. ಆರೂವರೆಗೆ ದೇವರಾಜ ಮಾರುಕಟ್ಟೆಯಿಂದ ಹೂವು ತಂದ ಅಕ್ಕ ಪಡುವಲ ಮೂಲೆಯಲ್ಲಿ ಗೋಣಿ ಹಾಸಿ ಮಾರು, ಮೊಳ ಲೆಕ್ಕದಲ್ಲಿ ಮಲ್ಲಿಗೆ ಮಾರುತ್ತಿದ್ದರು. ಪ್ರದಕ್ಷಿಣೆಗೆ ಬರುವ ಹೆಂಗಸರು ಆ ಹೊತ್ತಿಗೆ ಬಂದು ಹೋಗುತ್ತಿದ್ದರು. ಸೋಮವಾರ ಅಮಾವಾಸ್ಯೆ ಕೂಡಿಬಂದರೆ ಕಟ್ಟೆಯ ಸುತ್ತ ಕಾಲಿಡಲು ಜಾಗವಿರುವುದಿಲ್ಲವೆಂದು ಹೂವಿನ ಅಕ್ಕನೇ ಹೇಳಿದರು. ಹನ್ನೊಂದರಿಂದ ಮೂರರವರೆಗೆ ಆಟೋದವರು, ಮಾರಾಟಗಾರರು ಮಲಗುತ್ತಿದ್ದರು. ಸಂಜೆ ನಿವೃತ್ತರ ಗುಂಪು. ದಿನವಿಡೀ ಅಲ್ಲಿ ಹೆಂಗಸರಿದ್ದರು. ಆದರೆ ಹದಿನೈದು ದಿನದಲ್ಲಿ ಹೂವಿನ ಅಕ್ಕನನ್ನು ಬಿಟ್ಟು ಒಬ್ಬ ಹೆಂಗಸೂ ಅಲ್ಲಿ ಕುಳಿತದ್ದನ್ನು ನಾನು ನೋಡಲಿಲ್ಲ. ತರಕಾರಿ ಚೀಲವನ್ನು ಕೈಯಿಂದ ಕೈಗೆ ಬದಲಾಯಿಸುತ್ತ ಇಪ್ಪತ್ತು ನಿಮಿಷ ನಿಂತೇ ಮಾತಾಡುತ್ತಿದ್ದರು. ಕೇಳಿದಾಗ ತಿಳಿದದ್ದು, ಕಟ್ಟೆಯ ಒಂದು ಪಕ್ಕ ದೇವರದ್ದು, ಅಲ್ಲಿ ಕಾಲು ಇಳಿಬಿಟ್ಟು ಕೂರುವಂತಿಲ್ಲ. ಇನ್ನೊಂದು ಪಕ್ಕ ಗಂಡಸರದ್ದು, ಅಲ್ಲಿ ಹೋಗಿ ಕೂರಲು ಮನಸ್ಸಾಗುವುದಿಲ್ಲ. ಕೂರಲು ಕಲ್ಲಿತ್ತು, ಅವರ ಪಾಲಿಗೆ ಎಡೆಯಿರಲಿಲ್ಲ.

ನೆರಳಿನ ಲೆಕ್ಕವನ್ನು ರಂಗೋಲಿ ಪುಡಿಯಲ್ಲಿ ಹಾಕಿದೆ. ಮಣ್ಣಿನ ನೆಲದಲ್ಲಿ ಸೀಮೆಸುಣ್ಣ ಹಿಡಿಯುವುದಿಲ್ಲವಾದ್ದರಿಂದ, ಗಂಟೆಗೊಮ್ಮೆ ನೆರಳಿನ ಅಂಚಿಗೆ ಪುಡಿ ಎಳೆದು, ಸಂಜೆ ಅದನ್ನು ಅಳೆದು ಹಾಳೆಗೆ ಇಳಿಸುತ್ತಿದ್ದೆ. ಮೈಸೂರು ಇರುವುದು ಹೆಚ್ಚುಕಡಿಮೆ 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಮೂರನೆಯ ವಾರ ಕಳೆದ ಮೇಲೆ ಆಗಸ್ಟ್ ನಡುವಿನವರೆಗೂ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ, ಮರದ ನೆರಳು ತೆಂಕಲಿಗೆ ವಾಲುತ್ತದೆ; ಡಿಸೆಂಬರ್ ಕೊನೆಗೆ 40 ಅಡಿ ಎತ್ತರದ ಕೊಂಬೆಯ ನೆರಳು ನಡುಹಗಲಲ್ಲೂ ಉತ್ತರಕ್ಕೆ ಸುಮಾರು 29 ಅಡಿ ಚಾಚುತ್ತದೆ. ನಡುಹಗಲೆಂದರೂ ಇಲ್ಲಿ ಗಡಿಯಾರದ ಹನ್ನೆರಡಲ್ಲ, ಹನ್ನೆರಡೂ ಇಪ್ಪತ್ತರ ಆಚೀಚೆ. ನಾನು ಕುಳಿತಿದ್ದ ಮೇ ತಿಂಗಳಲ್ಲಿ ಸಂಜೆ ಮೂರೂವರೆಯಿಂದ ಕತ್ತಲಾಗುವವರೆಗೆ ದಟ್ಟ ನೆರಳು ಬೀಳುತ್ತಿದ್ದದ್ದು ಮೂಡಲ ಗೋಡೆಯ ಪಕ್ಕದ ಹದಿನೈದು ಅಡಿಯ ಪಟ್ಟಿಯ ಮೇಲೆ. ಅಲ್ಲಿ ಯಾರದೋ ಮನೆ ಒಡೆದ ಇಟ್ಟಿಗೆ ಚೂರು, ಕೆಟ್ಟುನಿಂತ ಎರಡು ಸ್ಕೂಟರ್ ಬಿದ್ದಿದ್ದವು. ಅಜ್ಜಿ ಕೇಳಿದ ನಾಲ್ಕು ಗಂಟೆಯ ನೆರಳು ಕಸದ ಮೇಲೆ ಬಿದ್ದು ವ್ಯರ್ಥವಾಗುತ್ತಿತ್ತು.

ಎರಡನೆಯ ನಕ್ಷೆಯಲ್ಲಿ ರಂಗವೂ ಇರಲಿಲ್ಲ, ಹೂಕುಂಡವೂ ಇರಲಿಲ್ಲ. ಅರಳಿಕಟ್ಟೆಯನ್ನು ಇದ್ದ ಹಾಗೆಯೇ ಬಿಟ್ಟು, ಮೂಡಲ ಪಟ್ಟಿಯಲ್ಲಿ ಸಾದರಹಳ್ಳಿ ಕಲ್ಲಿನ ಎರಡು ಬೆಂಚು ಎದುರುಬದುರಾಗಿ, ಮಾತಾಡಲು ಕುತ್ತಿಗೆ ತಿರುಗಿಸಬೇಕಾಗದ ಹಾಗೆ. ಮನೆಯ ಯಜಮಾನರು ತಮ್ಮ ಗೋಡೆಗೆ ಜನ ಒರಗಿಕೊಂಡು ಗಲಾಟೆ ಮಾಡುತ್ತಾರೆಂದು ಒಪ್ಪಲಿಲ್ಲ. ಗೋಡೆಯಿಂದ ನಾಲ್ಕು ಅಡಿ ಬಿಟ್ಟು, ನಡುವೆ ದಾಸವಾಳದ ಸಾಲು ಹಾಕುವುದೆಂದು ಅವರ ಮನೆಯ ಹಜಾರದಲ್ಲೇ ಕುಳಿತು ತೀರ್ಮಾನವಾಯಿತು. ಬೆಂಚಿನ ಎತ್ತರಕ್ಕೆ ಪುಸ್ತಕದಲ್ಲಿ 45 ಸೆಂಟಿಮೀಟರ್ ಎಂದಿರುತ್ತದೆ. ನಾನು ಸಿಮೆಂಟ್ ಹಾಕದೆ ಇಟ್ಟಿಗೆ ಪೇರಿಸಿ, ಮೇಲೊಂದು ಹಲಗೆ ಇಟ್ಟು ಮೂರು ಎತ್ತರದ ಮಾದರಿ ಮಾಡಿ, ಎರಡು ಸಂಜೆ ಜನರನ್ನು ಕೂರಿಸಿ ಎಬ್ಬಿಸಿದೆ. ಮಂಡಿನೋವಿನ ಹಿರಿಯರಿಗೆ ಎತ್ತರಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಏಳುವಾಗ ಕೈಯೂರಲು ಒಂದು ಆಸರೆ. ಎತ್ತರವನ್ನು 45ಕ್ಕೇ ಉಳಿಸಿ, ಪ್ರತಿ ಬೆಂಚಿನ ಎರಡು ತುದಿಗೂ ಕೈಯಾಸರೆ, ಒಂದಕ್ಕೆ ಬೆನ್ನಾಸರೆ ಸೇರಿಸಿದೆ. ಕಟ್ಟೆಯ ಮೇಲಕ್ಕೆ ಗಾಲಿಕುರ್ಚಿಯ ಇಳಿಜಾರು ಮಾಡಬೇಕೆಂದು ಸಂಘದಲ್ಲಿ ಒಬ್ಬರು ಕೇಳಿದರು. ಇಳಿಜಾರು 1:12 ಇರಬೇಕೆಂದರೆ ಅರ್ಧ ಮೀಟರ್ ಏರಲು ಆರು ಮೀಟರ್ ಉದ್ದ ಬೇಕು, ಅದು ಪ್ರದಕ್ಷಿಣೆಯ ದಾರಿಯನ್ನು ತಿಂದುಬಿಡುತ್ತದೆ. ಬದಲಿಗೆ ರಸ್ತೆಯಿಂದ ಬೆಂಚುಗಳವರೆಗೆ ಒಂದೇ ಮಟ್ಟದ ನೆಲ, ಬೆಂಚಿನ ಪಕ್ಕದಲ್ಲಿ ಒಂದು ಗಾಲಿಕುರ್ಚಿ ನಿಲ್ಲುವಷ್ಟು ಖಾಲಿ ಎಡೆ ಬಿಟ್ಟೆ. ಕುರ್ಚಿಯಲ್ಲಿ ಬಂದವರು ಗುಂಪಿನ ಹೊರಗೆ ಉಳಿಯದೆ ಮಾತಿನ ನಡುವೆಯೇ ಇರಬೇಕೆಂಬುದು ನನಗೆ ಮುಖ್ಯವಾಗಿತ್ತು.

ಗಲ್ಲಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದುಹೋದ ಮೇಲೆ, 1903ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಟ್ರಸ್ಟ್ ಮೈಸೂರಿನಲ್ಲಿ ಗಾಳಿ ಬೆಳಕಿನ ಹೊಸ ಬಡಾವಣೆಗಳನ್ನು ಮಾಡಿತು. ಎರಡು ಸಾಲು ಮನೆಗಳ ಹಿತ್ತಲಿನ ನಡುವೆ ಬಿಟ್ಟ ಕಿರುದಾರಿಗಳೇ ಕನ್ಸರ್ವೆನ್ಸಿಗಳು. ಪಾಯಿಖಾನೆ ಬಳಿಯುವವರು ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲಿ ಎಂಬುದಕ್ಕೆ ಮಾಡಿದ ದಾರಿ ಅದು. ನಗರದ ಆರೋಗ್ಯದ ಹೆಸರಿನಲ್ಲಿ ಕೆಲವು ಮನುಷ್ಯರನ್ನು ಕಣ್ಣಿಗೆ ಕಾಣದ ಹಾಗೆ ನಡೆಸಿದ ದಾರಿಯೂ ಹೌದು. ಒಳಚರಂಡಿ ಬಂದ ಮೇಲೆ ಆ ಕೆಲಸ ನಿಂತಿತು, ಗಲ್ಲಿಗಳು ಉಳಿದವು, ಮನೆಗಳು ಬೆನ್ನು ಹಾಕಿಕೊಂಡದ್ದರಿಂದ ಕಸ ಸುರಿಯುವ ಜಾಗಗಳಾದವು. ಈ ಗಲ್ಲಿಯ ಬಾಯನ್ನು ಊರಿನವರು ಮುಖ ಕೊಟ್ಟು ಕೂರುವ ಜಾಗವನ್ನಾಗಿ ಮಾಡಬೇಕೆಂಬ ಆಸೆ ನನಗೆ ಗಟ್ಟಿಯಾಗಿತ್ತು.

ಆದರೆ ಗಲ್ಲಿಯ ಅಡಿಯಲ್ಲಿ ಒಳಚರಂಡಿಯ (ಯುಜಿಡಿ) ಕೊಳವೆಯಿದೆ, ಮ್ಯಾನ್‌ಹೋಲ್ ಇದೆ, ಕಟ್ಟಿಕೊಂಡರೆ ನೀರಿನ ಒತ್ತಡದಿಂದ ಕೊಳವೆ ತೆರವು ಮಾಡುವ ಜೆಟ್ಟಿಂಗ್ ಗಾಡಿ ಒಳಗೆ ಹೋಗಬೇಕು. ನಕ್ಷೆ ನೋಡಿದ ಕಿರಿಯ ಎಂಜಿನಿಯರ್ (ಜೆ.ಇ.) ಅಲ್ಲಿ ಕಾಂಕ್ರೀಟ್ ಹಾಕುವುದು ಬೇಡವೆಂದು ಹೇಳಿದ್ದು ದೊಡ್ಡ ಉಪಕಾರವಾಯಿತು. ನೆಲಕ್ಕೆ ಚಪ್ಪಡಿಗಳನ್ನು ಮರಳಿನ ಹಾಸಿನ ಮೇಲೆ ಕೂರಿಸಿದೆವು, ಬೇಕೆಂದಾಗ ಹಾರೆ ಹಾಕಿ ಎಬ್ಬಿಸಬಹುದು. ಗಲ್ಲಿಯ ಬಾಯಿಗೆ ತೆಗೆದು ಹಾಕಬಹುದಾದ ಎರಡು ಕಬ್ಬಿಣದ ಗೂಟ, ಬೀಗದ ಕೈ ಸಂಘದಲ್ಲೊಂದು, ಎದುರಿನ ಅಂಗಡಿಯಲ್ಲೊಂದು. ದೀಪದ ವಿಷಯದಲ್ಲಿ ವಾದ ಜೋರಾಯಿತು. ಹಲವರಿಗೆ ಹೈಮಾಸ್ಟ್ ದೀಪ ಬೇಕಿತ್ತು. ಎತ್ತರದ ದೀಪದ ಬೆಳಕೆಲ್ಲ ಅರಳಿಯ ತಲೆಯ ಮೇಲೆ ಸುರಿದು, ಎಲೆಗಳ ಕೆಳಗೆ ಜನ ಕೂರುವಲ್ಲಿ ಕತ್ತಲೆಯೇ ಉಳಿಯುತ್ತದೆ ಎಂಬುದನ್ನು ರಾತ್ರಿ ಅಲ್ಲೇ ನಿಲ್ಲಿಸಿ ತೋರಿಸಿದ ಮೇಲೆ, ಹತ್ತಡಿ ಎತ್ತರದ ನಾಲ್ಕು ಕಂಬಗಳಿಗೆ ಒಪ್ಪಿದರು. ಅದರಲ್ಲಿ ಒಂದು ಗಲ್ಲಿಯ ಒಳಗಿದೆ.

ಹೂವಿನ ಅಕ್ಕನ ಜಾಗ ನನ್ನ ಮೊದಲ ನಕ್ಷೆಯಲ್ಲಿ ಒಂದು ಹೂಕುಂಡದ ಅಡಿಯಲ್ಲಿ ಹೋಗಿತ್ತು. ಇದನ್ನು ನೆನೆದರೆ ಈಗಲೂ ಮನಸ್ಸಿಗೆ ನೋವಾಗುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಜೀವನೋಪಾಯಕ್ಕೆ ರಕ್ಷಣೆ ಕೊಡುತ್ತದೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕೆನ್ನುತ್ತದೆ. ಆದರೆ ಒಂದು ಮೂಲೆಯ ನಕ್ಷೆಯಲ್ಲಿ ಒಬ್ಬ ಹೆಂಗಸು ಕೂರುವ ಜಾಗವನ್ನು ಉಳಿಸುವುದು ಅಳಿಸುವುದು ಪೆನ್ಸಿಲ್ ಹಿಡಿದವರ ಕೈಯಲ್ಲಿರುತ್ತದೆ. ಬೆಳಗಿನ ನೆರಳು ಬೀಳುವ ಅದೇ ಪಡುವಲ ಮೂಲೆಯಲ್ಲಿ ಎರಡೂವರೆ ಅಡಿ ಅಗಲದ, ಒಂದು ಗೇಣು ಎತ್ತರದ ಜಗಲಿ ಮಾಡಿ, ಪಕ್ಕಕ್ಕೆ ನಲ್ಲಿ ಕೊಟ್ಟೆ. ಅವರು ಕೇಳಿದ್ದು ಒಂದೇ, ಕಲ್ಲನ್ನು ನುಣ್ಣಗೆ ಮಾಡಬೇಡಿ, ಒದ್ದೆಯಾದರೆ ಜಾರುತ್ತದೆ ಎಂದು. ಹೀಗಾಗಿ ಇಡೀ ಜಾಗದಲ್ಲಿ ಪಾಲಿಶ್ ಕಲ್ಲು ಹೋಗಿ ಉಳಿಪೆಟ್ಟಿನ ಕಲ್ಲು ಬಂದಿತು.

ಕೆಲಸ ಶುರುವಾದ ಎರಡನೆಯ ದಿನ ಮೇಸ್ತ್ರಿ ಫೋನ್ ಮಾಡಿ ಬರಲು ಹೇಳಿದರು. ಕಟ್ಟೆಯ ತೆಂಕಲ ಅಂಚಿನ ಸವೆದ ಚಪ್ಪಡಿಯೊಂದನ್ನು ಬದಲಿಸುವುದೆಂದು ಎಸ್ಟಿಮೇಟಿನಲ್ಲಿ ನಾನೇ ಬರೆದಿದ್ದೆ. ಅವರು ಅದರ ಮೇಲೆ ಒಂದು ಚೊಂಬು ನೀರು ಸುರಿದು, ಅಂಗೈಯಲ್ಲಿ ಒರೆಸಿ ತೋರಿಸಿದರು. ನೀರು ಇಂಗುತ್ತಿದ್ದಂತೆ ಕಲ್ಲಿನ ಮೇಲೆ ಗೆರೆಗಳು ಎದ್ದುಬಂದವು: ಒಂದು ತ್ರಿಕೋನ, ಅದರ ತುದಿಯಿಂದ ಇಳಿದ ಕಡ್ಡಿಗೆರೆಗಳು, ಅಡ್ಡಗೆರೆಗಳು ಕೂಡುವಲ್ಲಿ ಬೆರಳ ತುದಿಯಷ್ಟು ಕುಳಿ. ಆಡುಹುಲಿಯ ಮನೆ. ಯಾರು, ಯಾವಾಗ ಕೆತ್ತಿದರೋ, ಕುಳಿಗಳ ಅಂಚು ಆಡಿ ಆಡಿ ನಯವಾಗಿತ್ತು. ಆ ಚಪ್ಪಡಿ ಅಲ್ಲೇ ಉಳಿಯಿತು. ಮೇಸ್ತ್ರಿ ತಾವಾಗಿಯೇ ಹೊಸ ಬೆಂಚೊಂದರ ಮೇಲೆ ಚೌಕಾಬಾರದ ಇಪ್ಪತ್ತೈದು ಮನೆಗಳನ್ನು ಉಳಿಯಲ್ಲಿ ಕೊರೆದುಕೊಟ್ಟರು. ಅದಕ್ಕೆ ಸರ್ಕಾರಿ ದರಪಟ್ಟಿಯಲ್ಲಿ (ಎಸ್.ಆರ್.) ಯಾವ ದರವೂ ಇರಲಿಲ್ಲ, ಅವರು ಹಣವನ್ನೂ ಕೇಳಲಿಲ್ಲ. ಇಂದು ಹೆಂಗಸರು ಅಲ್ಲಿ ಕೂರುವುದಕ್ಕೆ ಬೆಂಚು ಎಷ್ಟು ಕಾರಣವೋ ಆ ಮನೆಗಳೂ ಅಷ್ಟೇ ಕಾರಣ. ಮೊದಲು ಹುಡುಗಿಯರು ಹುಣಸೆಬೀಜ ತೇಯ್ದುಕೊಂಡು ಬಂದು ಆಡಿದರು, ಅವರ ಹಿಂದೆ ತಾಯಂದಿರು ಬಂದರು.

ತಪ್ಪುಗಳೂ ಆದವು. ಗಾಲಿಕುರ್ಚಿಗೆ ನೆಲ ಸಮನಾಗಿರಲಿ ಎಂಬ ಉಮೇದಿನಲ್ಲಿ ನೀರು ಹರಿಯುವ ಇಳಿಜಾರನ್ನು, ಅಂದರೆ ವಾಟವನ್ನು, ನಾನು ಸರಿಯಾಗಿ ಕೊಟ್ಟಿರಲಿಲ್ಲ. ಅಕ್ಟೋಬರಿನ ಮೊದಲ ದೊಡ್ಡ ಮಳೆಗೆ ಬೆಂಚುಗಳ ನಡುವೆ ಎರಡು ಅಂಗುಲ ನೀರು ನಿಂತಿತು. ನೂರಕ್ಕೆ ಒಂದರ ವಾಟ ಕುರ್ಚಿಗೂ ತೊಡಕಲ್ಲ, ನೀರಿಗೂ ಸಾಕು. ಅದನ್ನು ಮೊದಲೇ ಕೊಡಬೇಕಿತ್ತು. ಚಪ್ಪಡಿಗಳು ಮರಳಿನ ಮೇಲಿದ್ದದ್ದರಿಂದ ಎರಡು ದಿನದಲ್ಲಿ ಎಬ್ಬಿಸಿ, ವಾಟ ತಿದ್ದಿ, ನೀರನ್ನು ಕಟ್ಟೆಯ ಬುಡದ ತೆರೆದ ಮಣ್ಣಿನ ಕಡೆಗೆ ಹರಿಸಿದೆವು.

ಇನ್ನೊಂದು ತಪ್ಪು ತಿಳಿಯಲು ಫೆಬ್ರವರಿ ಬರಬೇಕಾಯಿತು. ನಾನು ನೆರಳನ್ನು ಅಳೆದದ್ದು ಮೇ ತಿಂಗಳಲ್ಲಿ, ಅರಳಿ ಎಲೆ ತುಂಬಿಕೊಂಡಿದ್ದಾಗ. ಮಾಗಿ ಕಳೆದು ಅರಳಿ ಎಲೆ ಉದುರಿಸಿದಾಗ, ಬೇವೂ ಬೋಳಾದಾಗ, ನಾಲ್ಕು ಗಂಟೆಯ ಬಿಸಿಲು ಕಡ್ಡಿಗಳ ನಡುವೆ ನುಗ್ಗಿ ನೇರ ಬೆಂಚುಗಳ ಮೇಲೆ ಬಿತ್ತು. ಅಜ್ಜಿಯ ಪ್ರಶ್ನೆ ಅಲ್ಲಿಗೇ ಮರಳಿ ಬಂದಿತ್ತು. ಬೆಂಚುಗಳ ನೈಋತ್ಯಕ್ಕೆ ಒಂದು ಚಪ್ಪಡಿ ತೆಗೆಸಿ ರಂಜದ ಸಸಿ ನೆಟ್ಟಿದ್ದೇವೆ. ರಂಜ ವರ್ಷವಿಡೀ ಹಸಿರಾಗಿರುತ್ತದೆ, ಆದರೆ ನಿಧಾನವಾಗಿ ಬೆಳೆಯುತ್ತದೆ. ಮೂರನೆಯ ವರ್ಷಕ್ಕೆ ನನ್ನ ಭುಜದ ಎತ್ತರಕ್ಕೆ ಬಂದಿದೆ. ಹೂವಿನ ಅಕ್ಕ ಅಂಗಡಿ ಎತ್ತುವಾಗ ಬಕೆಟ್ಟಿನಲ್ಲಿ ಉಳಿದ ನೀರನ್ನು ಅದಕ್ಕೆ ಹುಯ್ಯುತ್ತಾರೆ. ರಂಜ ನೆರಳು ಕೊಡುವವರೆಗೆ ಎಂದು ದೀಪದ ಕಂಬಗಳಿಗೆ ಕೊಂಡಿ ಹಾಕಿಸಿದ್ದೇನೆ. ಅರಳಿ ಎಲೆ ಉದುರಿಸಲು ತೊಡಗಿದ ವಾರ ಸಂಘದವರು ನೆರಳುಬಲೆ ಕಟ್ಟುತ್ತಾರೆ, ಯುಗಾದಿಯ ಹೊತ್ತಿಗೆ ತಾಮ್ರಬಣ್ಣದ ಚಿಗುರು ಬಲಿತ ಮೇಲೆ ಬಿಚ್ಚುತ್ತಾರೆ.