ಜಿಬಿಎಸ್ ಆದವರನ್ನು ಮತ್ತೆ ನಡೆಸುವುದು: ಮೊದಲು ಉಸಿರು, ಆಮೇಲೆ ಪಾದ, ಕೊನೆಗೆ ಬಲ

ದಾವಣಗೆರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಬೆಳಿಗ್ಗೆ ಆಸ್ಪತ್ರೆ, ಸಂಜೆ ಸ್ಕೂಟಿ ಹತ್ತಿ ಮನೆ ವಿಸಿಟ್. ಮಂಡಿ ನೋವು, ಸೊಂಟ ನೋವು, ಲಕ್ವ, ಮೂಳೆ ಮುರಿದವರು, ಇವರೇ ಜಾಸ್ತಿ. ನಡುವೆ ಆಗಾಗ ಬೇರೆ ಥರದ ಕೇಸೊಂದು ಬರುತ್ತದೆ. ಗಟ್ಟಿಮುಟ್ಟಾದ ಆಳು. ಹೋದ ವಾರ ಗದ್ದೆಗೆ ಇಳಿದಿದ್ದವರು ಈ ವಾರ ಕೂತಲ್ಲಿಂದ ಏಳಲಾರರು. ಗಿಯಾಂ-ಬಾರೆ ಸಿಂಡ್ರೋಮ್. ಆಸ್ಪತ್ರೆ ಮಾತಲ್ಲಿ ಜಿಬಿಎಸ್. 1916ರಲ್ಲಿ ಗಿಯಾಂ, ಬಾರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಇದನ್ನು ಕಂಡು ಬರೆದರು. ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ. 2025ರ ಶುರುವಿನಲ್ಲಿ ಪುಣೆಯಲ್ಲಿ ತುಂಬಾ ಜನರಿಗೆ ಒಟ್ಟಿಗೇ ಬಂದಾಗ ನಮ್ಮ ಕಡೆಯೂ ಈ ಹೆಸರು ಎಲ್ಲರ ಬಾಯಿಗೆ ಬಂತು.

ಮನೆಯವರು ಇದನ್ನೂ ಲಕ್ವ ಅಂತಲೇ ಹೇಳುತ್ತಾರೆ. ಲಕ್ವದಲ್ಲಿ ತೊಂದರೆ ಇರುವುದು ಮೆದುಳಿನಲ್ಲಿ, ಸಾಮಾನ್ಯವಾಗಿ ಒಂದು ಕಡೆಯ ಕೈಕಾಲು ಹೋಗುತ್ತದೆ. ಇಲ್ಲಿ ಎರಡೂ ಕಾಲಿಗೆ ಒಟ್ಟಿಗೇ ಶುರುವಾಗಿ ಮೇಲಕ್ಕೆ ಹತ್ತುತ್ತದೆ. ಮೊದಲು ಪಾದದಲ್ಲಿ ಜೋಮು, ಸೊಂಟದಲ್ಲಿ ಒಂಥರಾ ನೋವು. ಆಮೇಲೆ ಕುಕ್ಕರಗಾಲಲ್ಲಿ ಕೂತರೆ ಏಳಲು ಆಗುವುದಿಲ್ಲ. ಆಮೇಲೆ ಕೈ. ನಾನು ಸುತ್ತಿಗೆಯಿಂದ ಮಂಡಿ ಚಿಪ್ಪಿನ ಕೆಳಗೆ ತಟ್ಟುತ್ತೇನೆ, ಕಾಲು ಮಿಸುಕುವುದೇ ಇಲ್ಲ. ತಟ್ಟಿದ ಸುದ್ದಿ ಒಂದು ನರದಲ್ಲಿ ಬೆನ್ನುಹುರಿಗೆ ಹೋಗಿ, ಇನ್ನೊಂದು ನರದಲ್ಲಿ ತೊಡೆಯ ಸ್ನಾಯುವಿಗೆ ವಾಪಸ್ ಬರಬೇಕು. ಅದಕ್ಕೆ ಮೆದುಳಿನ ಅಪ್ಪಣೆ ಬೇಕಿಲ್ಲ. ಅಷ್ಟು ಚಿಕ್ಕ ಸುತ್ತೂ ಕೆಲಸ ಮಾಡುತ್ತಿಲ್ಲ ಅಂದರೆ ಕೆಟ್ಟಿರುವುದು ಬೆನ್ನುಹುರಿಯಿಂದ ಆಚೆಗಿನ ನರ. ಲಕ್ವ ಅಂದುಕೊಂಡು ನಾಟಿ ಔಷಧಿಗೆ ಓಡಾಡಿ ದಿನ ಕಳೆದವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಯಾಕೆಂದರೆ ಇದಕ್ಕೆ ಕೊಡುವ ಇಂಜೆಕ್ಷನ್ ಮೊದಲ ಎರಡು ವಾರದೊಳಗೆ ಹೋದರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಎಲ್ಲರ ಮೊದಲ ಪ್ರಶ್ನೆ ಒಂದೇ. "ಮೇಡಂ, ಯಾಕೆ ಹಿಂಗಾತು?" ಇದಕ್ಕೆ ಉತ್ತರ ಹೇಳಲು ನಾನು ಸಮಯ ಕೊಡುತ್ತೇನೆ. ಉತ್ತರ ಗೊತ್ತಿದ್ದವರು ಮುಂದಿನ ತಿಂಗಳುಗಳನ್ನು ಬೇರೆ ಥರ ಕಳೆಯುತ್ತಾರೆ. ನಾನು ಮೊದಲು ಕೇಳುವುದು, "ಎರಡು ಮೂರು ವಾರದ ಹಿಂದೆ ಭೇದಿ ಆಗಿತ್ತಾ? ಜ್ವರ, ಶೀತ ಏನಾದ್ರೂ?" ಮೂವರಲ್ಲಿ ಇಬ್ಬರು ಹೌದು ಅನ್ನುತ್ತಾರೆ. ಭೇದಿ ತರುವ ಬ್ಯಾಕ್ಟೀರಿಯಾಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಅಂತ ಒಂದಿದೆ. ಸರಿಯಾಗಿ ಬೇಯದ ಕೋಳಿ ಮಾಂಸದಿಂದ, ಕೆಟ್ಟ ನೀರಿನಿಂದ ಬರುತ್ತದೆ. ಅದು ಹೊಕ್ಕಾಗ ಬಿಳಿ ರಕ್ತಕಣಗಳಲ್ಲಿ ಬಿ ಕಣಗಳು ಅದರ ಮೈಯ ಗುರುತು ಹಿಡಿದು, ಅದಕ್ಕೆ ಸರಿಯಾಗಿ ಅಂಟುವ ಆ್ಯಂಟಿಬಾಡಿ ತಯಾರಿಸುತ್ತವೆ. ಅವು ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತವೆ, ಭೇದಿ ನಿಲ್ಲುತ್ತದೆ. ಆದರೆ ಆ ಬ್ಯಾಕ್ಟೀರಿಯಾದ ಹೊರಮೈಯಲ್ಲಿರುವ ಸಕ್ಕರೆ ಅಂಶದ ಆಕಾರ, ನಮ್ಮ ನರದ ಮೇಲಿರುವ ಗ್ಯಾಂಗ್ಲಿಯೋಸೈಡ್ ಎಂಬ ಕೊಬ್ಬಿನಲ್ಲಿರುವ ಸಕ್ಕರೆಯ ಆಕಾರಕ್ಕೆ ಹೊಂದುತ್ತದೆ. ಆ್ಯಂಟಿಬಾಡಿ ಅಲ್ಲೂ ಅಂಟಿಕೊಳ್ಳುತ್ತದೆ. ಅಂಟಿದ ಜಾಗಕ್ಕೆ ಕಾಂಪ್ಲಿಮೆಂಟ್ ಎಂಬ ಪ್ರೋಟೀನ್‌ಗಳು ಬರುತ್ತವೆ, ಹಿಂದೆಯೇ ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣಗಳು ಬಂದು ಆ ಜಾಗವನ್ನು ತಿನ್ನತೊಡಗುತ್ತವೆ.

ಮ್ಯಾಕ್ರೋಫೇಜ್ ತಿನ್ನುವುದು ಏನನ್ನು ಅಂತ ರೈತರಿಗೆ ಹೇಳುವಾಗ ನಾನು ಪಂಪ್‌ಸೆಟ್ಟಿನ ವೈರು ತೋರಿಸುತ್ತೇನೆ. ಮೇಲಿನ ಪ್ಲಾಸ್ಟಿಕ್ ಸುಲಿದರೆ ಕರೆಂಟ್ ಸೋರುತ್ತದಲ್ಲ, ನರದ ಸುತ್ತ ಇರುವ ಮೈಲಿನ್ ಪೊರೆ ಹೋದರೂ ಅದೇ ಪಾಡು. ಸೊಂಟದ ಹತ್ತಿರದಿಂದ ಹೊರಟು ಪಾದ ಮುಟ್ಟುವ ಒಂದೊಂದು ನರತಂತುವೂ ಸುಮಾರು ಒಂದು ಮೀಟರ್ ಉದ್ದ. ಪೊರೆ ಸರಿ ಇದ್ದಾಗ ಕಾಲಿನ ನರದಲ್ಲಿ ಸಂದೇಶ ಸೆಕೆಂಡಿಗೆ 40 ಮೀಟರ್‌ಗಿಂತ ಜೋರಾಗಿ ಓಡುತ್ತದೆ. ಸುಲಿದಾಗ ಕುಂಟುತ್ತದೆ, ಇಲ್ಲವೇ ನಡುವೆಯೇ ನಿಂತುಬಿಡುತ್ತದೆ. ಆದರೆ ವೈರು ತನ್ನ ಪ್ಲಾಸ್ಟಿಕ್ಕನ್ನು ತಾನೇ ಮತ್ತೆ ಬೆಳೆಸಿಕೊಳ್ಳುವುದಿಲ್ಲ. ನರ ಬೆಳೆಸಿಕೊಳ್ಳುತ್ತದೆ. ಶ್ವಾನ್ ಕಣಗಳು ವಾರ, ತಿಂಗಳುಗಳಲ್ಲಿ ಹೊಸ ಪೊರೆ ಸುತ್ತುತ್ತವೆ. ಈ ಮಾತು ಹೇಳಿದಾಗ ಮನೆಯವರ ಮುಖ ಬದಲಾಗುವುದನ್ನು ನಾನು ಪ್ರತಿ ಸಲ ನೋಡಿದ್ದೇನೆ.

ಇಂಜೆಕ್ಷನ್ ಬಗ್ಗೆಯೂ ಒಂದು ಮಾತು. ಐವಿಐಜಿ ಅಂದರೆ ಸಾವಿರಾರು ದಾನಿಗಳ ರಕ್ತದಿಂದ ತೆಗೆದ ಆ್ಯಂಟಿಬಾಡಿ. ಕೆಜಿ ತೂಕಕ್ಕೆ ದಿನಕ್ಕೆ 0.4 ಗ್ರಾಂ, ಐದು ದಿನ. 60 ಕೆಜಿ ಇದ್ದವರಿಗೆ ಒಟ್ಟು 120 ಗ್ರಾಂ. ದುಬಾರಿ. ಅಷ್ಟು ಖರ್ಚು ಮಾಡಿದವರು ಆರನೇ ದಿನ ಎದ್ದು ನಿಲ್ಲಬೇಕು ಅಂತ ಕಾಯುತ್ತಾರೆ, ಸಹಜ ಅಲ್ವಾ? ಅದು ದಾಳಿಯ ಜೋರನ್ನು ತಗ್ಗಿಸುತ್ತದೆ. ಸುಲಿದುಹೋದ ಪೊರೆಯನ್ನು ತಂದುಕೊಡುವುದಿಲ್ಲ. ಪ್ಲಾಸ್ಮಾ ಬದಲಿಸುವ ಚಿಕಿತ್ಸೆಯದೂ ಇಷ್ಟೇ ಫಲ. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ಎದೆಗುಂದುತ್ತಾರೆ.

ಇನ್ನು ನನ್ನ ಕೆಲಸ. ಕಾಲಿನ ಬಗ್ಗೆಯೇ ಎಲ್ಲರಿಗೂ ಚಿಂತೆ, ನಾನು ಮೊದಲು ನೋಡುವುದು ಉಸಿರು. ವಪೆ ಅಂದರೆ ಎದೆ, ಹೊಟ್ಟೆಯ ನಡುವೆ ಇದ್ದು ಉಸಿರು ಎಳೆಯುವ ಸ್ನಾಯು. ಅದನ್ನು ಆಡಿಸುವ ನರ ಹೊರಡುವುದು ಕುತ್ತಿಗೆಯಿಂದ. ಕಾಯಿಲೆ ಅಲ್ಲಿಯವರೆಗೆ ಹತ್ತಿದರೆ ಉಸಿರಾಟ ಸೋಲುತ್ತದೆ. ನೂರರಲ್ಲಿ 20ರಿಂದ 30 ಮಂದಿಗೆ ವೆಂಟಿಲೇಟರ್ ಬೇಕಾಗುತ್ತದೆ. ದಿಂಬಿನಿಂದ ತಲೆ ಎತ್ತಲು ಹೇಳುತ್ತೇನೆ. ಎತ್ತಲು ಕಷ್ಟ ಆದರೆ ಅದು ವಪೆಯ ಬಗ್ಗೆಯೂ ಎಚ್ಚರಿಕೆ. ಆಮೇಲೆ ಉಸಿರು ತುಂಬಾ ಎಳೆದುಕೊಂಡು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸಲು ಹೇಳುತ್ತೇನೆ. ಆರೋಗ್ಯವಂತರು ಸೆಕೆಂಡಿಗೆ ಎರಡರಂತೆ 40, 50ರ ತನಕ ಹೋಗುತ್ತಾರೆ. ದಿನದಿಂದ ದಿನಕ್ಕೆ ಇಳಿಯುತ್ತಾ 20ಕ್ಕಿಂತ ಕೆಳಗೆ ಬಂದರೆ ವ್ಯಾಯಾಮದ ಮಾತು ಬಿಟ್ಟು ಡಾಕ್ಟರನ್ನು ಕರೆಯುತ್ತೇನೆ.

ಕೋವಿಡ್ ಆದ ಮೇಲೆ ಮನೆಮನೆಯಲ್ಲೂ ಬೆರಳಿಗೆ ಹಾಕುವ ಆಕ್ಸಿಮೀಟರ್ ಇದೆ. "98 ತೋರಿಸ್ತೈತಿ ಮೇಡಂ, ಏನೂ ತೊಂದ್ರೆ ಇಲ್ಲ" ಅನ್ನುತ್ತಾರೆ. ಈ ಕಾಯಿಲೆಯಲ್ಲಿ ಅದನ್ನು ನಂಬಿ ಕೂರಬೇಡಿ. ಇಲ್ಲಿ ಶ್ವಾಸಕೋಶ ಚೆನ್ನಾಗಿಯೇ ಇರುತ್ತದೆ, ಅದನ್ನು ಆಡಿಸುವ ಸ್ನಾಯು ದಣಿಯುತ್ತದೆ. ಆ ಅಂಕಿ ಇಳಿಯುವ ಹೊತ್ತಿಗೆ ತಡವಾಗಿರುತ್ತದೆ. ಡಿಸ್ಚಾರ್ಜ್ ಆದ ಮೇಲೂ ನೂರರಲ್ಲಿ ಆರರಿಂದ ಹತ್ತು ಮಂದಿಗೆ ಮೊದಲ ಎರಡು ತಿಂಗಳೊಳಗೆ ಮತ್ತೆ ಬಲ ಕುಗ್ಗುವುದುಂಟು. ಅದಕ್ಕೇ ಮನೆಯಲ್ಲೂ ಎಣಿಕೆ ಬಿಡಿಸುವುದಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬರ ಮನೆಗೆ ಹೋಗುತ್ತಿದ್ದೆ. ಅವರ ಹೆಂಡತಿ ದಿನಾ ಬೆಳಿಗ್ಗೆ ಗಂಡನ ಎಣಿಕೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲ್ಲಿನಿಂದ ಬರೆಯುತ್ತಿದ್ದರು. ಹಾಲಿನ ಲೆಕ್ಕ ಒಂದು ಮೂಲೆಯಲ್ಲಿ, ಉಸಿರಿನ ಲೆಕ್ಕ ಇನ್ನೊಂದು ಮೂಲೆಯಲ್ಲಿ. 22, 22, 24, 27. ನನಗೆ ಅದಕ್ಕಿಂತ ಒಳ್ಳೆಯ ರಿಪೋರ್ಟ್ ಬೇಕಿರಲಿಲ್ಲ.

ಎರಡನೆಯದು ಪಾದ. ಮಲಗಿದವರ ಪಾದ ಮುಂದಕ್ಕೆ ಬಾಗಿ ಬಿದ್ದಿರುತ್ತದೆ. ಹಾಗೇ ಬಿಟ್ಟರೆ ಮೀನಖಂಡದ ಸ್ನಾಯು ಮೋಟಾಗಿ, ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ. ನರ ವಾಪಸ್ ಬಂದರೂ ನಿಲ್ಲಲು ಪಾದ ಇರುವುದಿಲ್ಲ. ಹಾಗಾಗಿ ಮೊದಲ ದಿನದಿಂದಲೇ ಪಾದವನ್ನು 90 ಡಿಗ್ರಿಯಲ್ಲಿ ಹಿಡಿಯುವ ಸ್ಪ್ಲಿಂಟ್ ಹಾಕಿಸುತ್ತೇನೆ. ದಿನಕ್ಕೆ ಹಲವು ಸಲ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಮುಂಗೈಯನ್ನು ಅಂಗಾಲಿಗೆ ಒತ್ತಿ ನಿಧಾನವಾಗಿ ಎಳೆಯುವುದನ್ನು ಮನೆಯವರಿಗೆ ಕಲಿಸುತ್ತೇನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹಾಸಿಗೆ ಹುಣ್ಣು. ರಾತ್ರಿ ನೋವು ಜೋರಿರುತ್ತದೆ, ಹೊದಿಕೆ ತಾಗಿದರೂ ಕೆಲವರು ಕಿರುಚುತ್ತಾರೆ. ಅದು ನಾಟಕ ಅಲ್ಲ, ನರದ ನೋವು. ಅದಕ್ಕೆ ಬೇರೆ ಮಾತ್ರೆ ಇದೆ, ಡಾಕ್ಟರನ್ನು ಕೇಳಿ.

ಬಿಸಿ ಉಪ್ಪಿನ ಶಾಖ, ಬಿಸಿನೀರಿನ ಚೀಲ ಎರಡೂ ಬೇಡ ಅಂತ ಖಡಾಖಂಡಿತ ಹೇಳುತ್ತೇನೆ. ಮರಗಟ್ಟಿದ ಪಾದಕ್ಕೆ ಸುಟ್ಟದ್ದು ಗೊತ್ತಾಗುವುದಿಲ್ಲ. ಎಣ್ಣೆ ಹಚ್ಚಿ ಮೆಲ್ಲಗೆ ಸವರುವುದಾದರೆ ಅಡ್ಡಿಯಿಲ್ಲ. ಕೂರಿಸುವಾಗಲೂ ನಿಧಾನ. ಬಿಪಿ, ಎದೆಬಡಿತ ನೋಡಿಕೊಳ್ಳುವ ನರಗಳಿಗೂ ಏಟು ಬಿದ್ದಿರುತ್ತದೆ. ತಟ್ಟನೆ ಎಬ್ಬಿಸಿದರೆ ಬಿಪಿ ಕುಸಿದು ಕಣ್ಣು ಕತ್ತಲೆ ಬರುತ್ತದೆ. ತಲೆ ಕಡೆ ಮಂಚ ಸ್ವಲ್ಪ ಸ್ವಲ್ಪ ಎತ್ತಿ, ಬಿಪಿ ನೋಡಿ, ಆಮೇಲೆ ಕಾಲು ಇಳಿಬಿಡಿಸುತ್ತೇನೆ.

ಮೂರನೆಯದು ಬಲ. ಜಗಳ ಆಗುವುದೂ ಇಲ್ಲೇ. "ಜಾಸ್ತಿ ಮಾಡಿಸ್ರಿ ಮೇಡಂ, ಬೇಗ ಬರ್ಲಿ" ಅಂತ ಎಲ್ಲರೂ. ಒಬ್ಬರ ತಮ್ಮ ದಿನಾ ಜಿಮ್ಮಿಗೆ ಹೋಗುವ ಹುಡುಗ. ನಾನು ಹೋದ ಮೇಲೆ ಅಣ್ಣನಿಗೆ ಬೆವರು ಇಳಿಯುವ ತನಕ ಕಾಲು ಎತ್ತಿಸುತ್ತಿದ್ದ. ಪ್ರೀತಿಯಿಂದಲೇ. ಮಾರನೇ ದಿನ ಎತ್ತುತ್ತಿದ್ದ ಕಾಲೂ ಏಳಲಿಲ್ಲ. ನರ ಇನ್ನೂ ಪೂರ್ತಿ ಬಂದಿಲ್ಲದ ಸ್ನಾಯುವಿನಲ್ಲಿ ಕೆಲವೇ ಎಳೆಗಳು ಇಡೀ ಭಾರ ಹೊರುತ್ತವೆ. ಅವುಗಳನ್ನು ದಣಿಸಿದರೆ ಇದ್ದ ಬಲವೂ ಇಳಿಯುತ್ತದೆ.

ಬಲವನ್ನು ನಾವು ಸೊನ್ನೆಯಿಂದ ಐದರವರೆಗೆ ಅಳೆಯುತ್ತೇವೆ. ಬೆರಳಿಟ್ಟರೆ ಚರ್ಮದಡಿ ಸಣ್ಣ ಮಿಡಿತ ಸಿಕ್ಕರೆ ಒಂದು. ಭಾರ ಇಲ್ಲದೆ ಜಾರಿಸಲು ಆದರೆ ಎರಡು. ಮೇಲಕ್ಕೆ ಎತ್ತಿದರೆ ಮೂರು. ಎರಡರಲ್ಲಿ ಇರುವವರಿಗೆ ಮನೆಯಲ್ಲೇ ಒಂದು ಪ್ಲೈವುಡ್ ಹಲಗೆ ಹಾಸಿ, ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಹಿಮ್ಮಡಿಯನ್ನು ಅದರ ಮೇಲೆ ಆಚೆ ಈಚೆ ಜಾರಿಸಲು ಹೇಳುತ್ತೇನೆ. ನಾಲ್ಕೈದು ಸಲ, ವಿಶ್ರಾಂತಿ, ಮತ್ತೆ ನಾಲ್ಕೈದು ಸಲ. ದಣಿವಾಗುವ ಮುಂಚೆ ನಿಲ್ಲಿಸಬೇಕು. ಮೂರು ಬರುವ ತನಕ ಮರಳಿನ ಚೀಲ ಕಟ್ಟುವ ಮಾತೇ ಇಲ್ಲ. ಮಾರನೇ ಬೆಳಿಗ್ಗೆ ಎದ್ದಾಗಲೂ ಸುಸ್ತು ಉಳಿದಿದ್ದರೆ ಆ ದಿನ ಅರ್ಧಕ್ಕೆ ಇಳಿಸುತ್ತೇನೆ.

ಪೊರೆ ಮಾತ್ರ ಹೋಗಿದ್ದರೆ ಚೇತರಿಕೆ ಬೇಗ. ಒಳಗಿನ ತಂತುವೇ ಕಡಿದಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮಂಡಿಯಿಂದ ಪಾದದ ಗಂಟಿಗೆ 36 ಸೆಂಟಿಮೀಟರ್ ಅಂದುಕೊಂಡರೆ ಹತ್ತಿರ ಹತ್ತಿರ ಒಂದು ವರ್ಷ. ಟೇಪು ಹಿಡಿದು ಅವರ ಕಾಲಿನ ಮೇಲೆಯೇ ಅಳೆದು ತೋರಿಸುತ್ತೇನೆ. ಆಮೇಲೆ ಅವಸರ ಮಾಡುವವರು ಕಡಿಮೆ. ಆರು ತಿಂಗಳಲ್ಲಿ ನೂರಕ್ಕೆ 80 ಮಂದಿ ಯಾರ ಆಸರೆಯೂ ಇಲ್ಲದೆ ನಡೆಯುತ್ತಾರೆ. ಕೆಲವರು ಉಳಿಯುವುದಿಲ್ಲ ಅನ್ನುವುದೂ ನಿಜ. ಆ ಮನೆಗಳನ್ನು ನಾನು ಮರೆತಿಲ್ಲ.

ಭಟ್ಟಿಯ ಅಣ್ಣ ವಾಕರ್ ಬಿಟ್ಟು, ಸ್ಪ್ಲಿಂಟ್ ಹಾಕಿಕೊಂಡು ನಡೆಯತೊಡಗಿದ ಮೇಲೆ ಕೆಲಸಕ್ಕೆ ಹೋಗುತ್ತೇನೆ ಅಂದರು. ಮನೆ ನಡೆಯಬೇಕಲ್ಲ. ನಾನು ಅವರ ಜೊತೆ ಭಟ್ಟಿಗೇ ಹೋಗಿ ನೋಡಿದೆ. ಒಲೆಯ ಮುಂದೆ ಬಿಸಿ ಮರಳು, ಬರಿಗಾಲಲ್ಲಿ ಓಡಾಡುವ ಜನ. ಅಲ್ಲೇ ಒಂದು ಮೂಟೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಅಂಗಾಲಿಗೆ ಹತ್ತಿ ತಾಗಿಸಿದೆ. "ಯಾವ ಬೆರಳು ಹೇಳಿ ಅಣ್ಣ." ಬಹಳ ಹೊತ್ತು ಯೋಚಿಸಿ, "ಇನ್ನೂ ಮುಟ್ಟಿಲ್ಲ ಅಲ್ವಾ ಮೇಡಂ?" ಅಂದರು. ಪಕ್ಕದಲ್ಲಿ ನಿಂತಿದ್ದ ಭಟ್ಟಿ ಮಾಲೀಕರಿಗೆ ನಾನು ಬೇರೇನೂ ವಿವರಿಸಬೇಕಾಗಲಿಲ್ಲ.

ಈಗ ಅವರು ಸ್ಟೂಲಿನ ಮೇಲೆ ಕೂತು ಮಂಡಕ್ಕಿ ತೂಗಿ ಚೀಲ ತುಂಬುತ್ತಾರೆ. ಬೆರಳು ಮುಚ್ಚುವ ಶೂ ಹಾಕುತ್ತಾರೆ. ರಾತ್ರಿ ಹೆಂಡತಿ ಮೊಬೈಲ್ ಟಾರ್ಚ್ ಹಿಡಿದು ಎರಡೂ ಅಂಗಾಲು ನೋಡುತ್ತಾರೆ. ಬಲಗಾಲಿನ ಹೆಬ್ಬೆರಳು ಇನ್ನೂ ಪೂರ್ತಿ ಮೇಲೇಳುವುದಿಲ್ಲ, ಹಾಗಾಗಿ ಸ್ಪ್ಲಿಂಟ್ ಬಿಡಿಸಿಲ್ಲ. ಒಲೆಯ ಮುಂದೆ ನಿಲ್ಲುವುದು ಪಾದಕ್ಕೆ ಬಿಸಿ ಗೊತ್ತಾದ ಮೇಲೆ ಅಂತ ಮೂವರೂ ಒಪ್ಪಿದ್ದೇವೆ.