ಮಡಿಕೇರಿ ಮಳೆಯಲ್ಲಿ ಬ್ಯಾಂಡ್ ಶಾಲೆ: ನಾವು ನಡೆಸುವ ಬಗೆ

ನಮ್ಮದು ಹನ್ನೊಂದು ತಿಂಗಳ ಕೋರ್ಸು, ವರ್ಷಕ್ಕೆ 12 ಜನ. ಗಿಟಾರ್, ಬೇಸ್, ಡ್ರಮ್ಸ್, ಕೀಬೋರ್ಡ್, ಗಾಯನ. ಜೊತೆಗೆ ಎಲ್ಲರಿಗೂ ಸೌಂಡ್ ಮತ್ತು ಲೆಕ್ಕಪತ್ರ. ಮುಗಿಸಿದವರು ರೆಸಾರ್ಟಿನಲ್ಲೋ ಮದುವೆ ಮಂಟಪದಲ್ಲೋ ಎರಡು ಗಂಟೆಯ ಕಾರ್ಯಕ್ರಮವನ್ನು ತಾವೇ ನಡೆಸಿ, ಹಣ ಪಡೆದು, ಸಾಮಾನು ಒಣಗಿಸಿಟ್ಟು ಮನೆಗೆ ಹೋಗುವಂತಿರಬೇಕು. ಪಾಠಪಟ್ಟಿಯನ್ನು ಈ ತುದಿಯಿಂದ ಹಿಂದಕ್ಕೆ ಹೆಣೆದಿದ್ದೇವೆ. ಕೊಡಗಿನಲ್ಲಿ ಹಾಗೆ ಹೆಣೆಯಲು ಕೂತರೆ ಪ್ರತಿ ಹೆಜ್ಜೆಗೂ ಮಳೆಯನ್ನು ಕೇಳಬೇಕಾಗುತ್ತದೆ.

ಮೊದಲು ಕೋಣೆ. ಶೀಟ್ ಮಾಡಿನ ಕೆಳಗೆ ಜುಲೈಯಲ್ಲಿ ಪಾಠ ಆಗುವುದಿಲ್ಲ. ಮಳೆಯ ಸದ್ದಿಗಿಂತ ಮೇಲೆ ಕೇಳಿಸಲೆಂದು ಎಲ್ಲರೂ ಆಂಪ್ ಏರಿಸುತ್ತಾರೆ, ಗಾಯಕರು ಕಿರುಚುತ್ತಾರೆ, ಕಿವಿ ಗಂಟಲು ಎರಡೂ ಕೆಡುತ್ತವೆ. ನಾವು ಶೀಟಿಗಿಂತ ಒಂದಡಿ ಕೆಳಗೆ, ತೇವ ತಡೆಯುವ ಹಸಿರು ಜಿಪ್ಸಂ ಬೋರ್ಡನ್ನು ಎರಡು ಪದರ ಹೊಡೆದು, ಅದರ ಮೇಲೆ 50 ಮಿ.ಮೀ. ರಾಕ್‌ವುಲ್ (ಕಲ್ಲಿನ ಎಳೆಯ ಹಾಸು) ಹಾಸಿದೆವು. ಶೀಟಿಗೂ ರಾಕ್‌ವುಲ್‌ಗೂ ನಡುವೆ ಗಾಳಿ ಆಡಲು ಎರಡು ತುದಿಯಲ್ಲೂ ಜಾಲರಿ ಕಿಂಡಿ ಬಿಡಲೇಬೇಕು. ಬಿಡದಿದ್ದರೆ ಶೀಟಿನ ಒಳಮೈಯಲ್ಲಿ ಹನಿಗಟ್ಟಿದ ನೀರು ತೊಟ್ಟಿಕ್ಕಿ, ರಾಕ್‌ವುಲ್ ಒದ್ದೆಯಾಗಿ, ಆ ಭಾರಕ್ಕೆ ಬೋರ್ಡು ಜೋತು ಬೀಳುತ್ತದೆ.

ಗೋಡೆಗೆ ಘನಮೀಟರಿಗೆ 48 ಕಿಲೋ ಸಾಂದ್ರತೆಯ ರಾಕ್‌ವುಲ್‌ನಿಂದ ನಾಲ್ಕಡಿ-ಎರಡಡಿಯ ಹಲಗೆಗಳನ್ನು ಮಾಡಿ, ಗೋಡೆಯಿಂದ 50 ಮಿ.ಮೀ. ಬಿಟ್ಟು ತೂಗುಹಾಕಿದ್ದೇವೆ. ಆ ಸಂದು ಇದ್ದರೆ ಕೆಳಸ್ಥಾಯಿಯ ಸದ್ದನ್ನು ಹೆಚ್ಚು ಹೀರುತ್ತದೆ, ಗೋಡೆಯೂ ಉಸಿರಾಡುತ್ತದೆ. ಮೂಲೆಗಳಿಗೆ 100 ಮಿ.ಮೀ. ದಪ್ಪ ಬೇಕು, ಬೇಸ್ ಗುಂಯ್‌ಗುಟ್ಟುವುದು ಅಲ್ಲೇ. ಹೊದಿಕೆಗೆ ಹತ್ತಿ ಬಟ್ಟೆ. ರೆಕ್ಸಿನ್ ಸುತ್ತಿದರೆ ಮೇಲುಸ್ಥಾಯಿಯ ಸದ್ದು ಹಾಗೇ ತಿರುಗಿ ಬರುತ್ತದೆ, ಒಳಗೆ ಬೂಷ್ಟು ಕಟ್ಟುತ್ತದೆ. ಮೊಟ್ಟೆ ಟ್ರೇ ಅಂಟಿಸುವುದನ್ನು ದಯವಿಟ್ಟು ಬಿಡಿ. ಅದು ಸದ್ದನ್ನು ಹೊರಗೆ ಹೋಗದಂತೆ ತಡೆಯುವುದಿಲ್ಲ, ಒಂದು ಮಳೆಗಾಲದಲ್ಲಿ ಹುಳಿ ವಾಸನೆ ಬರುತ್ತದೆ, ಬೆಂಕಿಗಂತೂ ಒಳ್ಳೆಯ ಮೇವು. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಹಾಗಾಗಿ ಡ್ರಮ್ಸ್ ಸಂಜೆ ಆರಕ್ಕೆ ನಿಲ್ಲುತ್ತದೆ, ಆಮೇಲೆ ರಬ್ಬರ್ ಪ್ಯಾಡ್.

ತೇವದ ವಿಷಯಕ್ಕೆ ಹೆಚ್ಚು ಜಾಗ ಕೊಡಬೇಕು. ಮರದ ವಾದ್ಯಕ್ಕೆ ಬೇಕಾದ ಸಾಪೇಕ್ಷ ಆರ್ದ್ರತೆ 45ರಿಂದ 55 ಶೇಕಡಾ. ಕಕ್ಕಡ ಮಾಸದಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಕಿಟಕಿ ತೆರೆದಿಟ್ಟ ಕೋಣೆಯಲ್ಲಿ ಮೀಟರ್ 90ರ ಮೇಲೆಯೇ ನಿಲ್ಲುತ್ತದೆ. ಡಿಹ್ಯುಮಿಡಿಫೈಯರ್ ಕೊಳ್ಳುವಾಗ ಡಬ್ಬದ ಮೇಲಿನ "ದಿನಕ್ಕೆ 20 ಲೀಟರ್" ನೋಡಿ ಲೆಕ್ಕ ಹಾಕಬೇಡಿ. ಆ ಅಳತೆ ಸಾಮಾನ್ಯವಾಗಿ 30 ಡಿಗ್ರಿ ಸೆಖೆಯಲ್ಲಿ ತೆಗೆದದ್ದು. ಮಡಿಕೇರಿಯ 18–20 ಡಿಗ್ರಿಯಲ್ಲಿ ಅದೇ ಯಂತ್ರ ಅರ್ಧದಷ್ಟು ನೀರು ತೆಗೆದರೆ ಹೆಚ್ಚು. ಬೇಕೆನಿಸಿದ್ದಕ್ಕಿಂತ ಒಂದು ಅಳತೆ ದೊಡ್ಡದನ್ನೇ ತನ್ನಿ. ಒದ್ದೆ ಛತ್ರಿ, ರೇನ್‌ಕೋಟ್, ಶೂಗಳಿಗೆ ಹೊರಗೇ ಜಾಗ ಮಾಡಿ. ಹನ್ನೆರಡು ರೇನ್‌ಕೋಟು ಒಳಗೆ ಬಂದರೆ ಯಂತ್ರದ ಅರ್ಧ ದಿನದ ದುಡಿಮೆ ಹೋಯಿತು.

ಪ್ರತಿ ಗಿಟಾರ್ ಪೆಟ್ಟಿಗೆಗೆ 200 ಗ್ರಾಂ ಸಿಲಿಕಾ ಜೆಲ್, ಬಟ್ಟೆ ಚೀಲದಲ್ಲಿ. ಕಿತ್ತಳೆ ಕಾಳು ಹಸಿರಾದರೆ ತೇವ ಕುಡಿದು ತುಂಬಿದೆ ಎಂದರ್ಥ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿಟ್ಟು ಬಣ್ಣ ತಿರುಗುವವರೆಗೆ ಕೈಯಾಡಿಸಿ; ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಮಳೆಗಾಲದಲ್ಲಿ ತಂತಿ ಫ್ರೆಟ್ಟಿನಿಂದ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಯಿಂದ) ಎತ್ತರಕ್ಕೆ ಹೋದರೆ ಹುಡುಗರು ಕೂಡಲೇ ಕತ್ತಿನ ಒಳಗಿನ ಕಬ್ಬಿಣದ ಸರಳನ್ನು ತಿರುಗಿಸಲು ಹೋಗುತ್ತಾರೆ. ಬೇಡ. ಉಬ್ಬಿರುವುದು ಸಾಮಾನ್ಯವಾಗಿ ಮೇಲಿನ ಹಲಗೆ. ಒಣ ಪೆಟ್ಟಿಗೆಯಲ್ಲಿ ನಾಲ್ಕೈದು ದಿನ ಇಟ್ಟರೆ ಎಷ್ಟೋ ಸಲ ತಾನೇ ಇಳಿಯುತ್ತದೆ. ಜುಲೈಯಲ್ಲಿ ಬಿಗಿ ಮಾಡಿದ ಸರಳು ಫೆಬ್ರವರಿಯಲ್ಲಿ ತಂತಿಯನ್ನು ಫ್ರೆಟ್ಟಿಗೆ ತಾಗಿಸಿ ಕಿರಿಕಿರಿ ಮಾಡುತ್ತದೆ.

ಮೈಕು ಕೇಬಲ್ಲುಗಳಿಗೆ ಒಂದು ಮರದ ಬೀರು, ಒಳಗೆ ಹಳೆಯ ಕಾಲದ 15 ವ್ಯಾಟ್ ತಂತಿ ಬಲ್ಬು. ಎಲ್‌ಇಡಿ ಹಾಕಿದರೆ ಬಿಸಿ ಸಾಲದು, ಏನೂ ಪ್ರಯೋಜನವಿಲ್ಲ. ಕಂಡೆನ್ಸರ್ ಮೈಕ್ ಚಟಪಟ ಸದ್ದು ಮಾಡಿದರೆ ಬಹಳ ಸಲ ಕ್ಯಾಪ್ಸೂಲಿಗೆ (ಸದ್ದು ಹಿಡಿಯುವ ಭಾಗಕ್ಕೆ) ತೇವ ಹಿಡಿದಿರುತ್ತದೆ. ಒಂದು ರಾತ್ರಿ ಬೀರುವಿನಲ್ಲಿಟ್ಟು ನೋಡಿ, ಆಮೇಲೆ ರಿಪೇರಿಯ ಮಾತು. ಕೀಬೋರ್ಡ್, ಮಿಕ್ಸರ್, ಆಂಪ್‌ಗಳನ್ನು ಪಾಠ ಇಲ್ಲದ ದಿನವೂ ಒಂದು ಗಂಟೆ ಆನ್ ಮಾಡಿಡುತ್ತೇವೆ. ಒಳಗಿನ ಬಿಸಿಯೇ ಅವುಗಳನ್ನು ಕಾಯುತ್ತದೆ.

ಕರೆಂಟ್ ಬಗ್ಗೆ ರಾಜಿ ಇಲ್ಲ. ಯಾವ ಜಾಗಕ್ಕೆ ಹೋದರೂ ಮೊದಲು ಮಲ್ಟಿಮೀಟರ್ ತೆಗೆಯುವುದು ನಮ್ಮ ಮಕ್ಕಳಿಗೆ ಅಭ್ಯಾಸವಾಗಿದೆ. ಫೇಸ್–ನ್ಯೂಟ್ರಲ್ ನಡುವೆ 230ರ ಆಸುಪಾಸು, ನ್ಯೂಟ್ರಲ್–ಅರ್ತ್ ನಡುವೆ 3 ವೋಲ್ಟಿಗಿಂತ ಕಡಿಮೆ ಇರಬೇಕು. 20, 30 ತೋರಿಸಿದರೆ ಅರ್ತ್ ಸರಿಯಿಲ್ಲ ಅಥವಾ ನ್ಯೂಟ್ರಲ್ ಸಡಿಲ. ಎಲೆಕ್ಟ್ರಿಷಿಯನ್ ಬರುವವರೆಗೆ ಒಂದು ಪಿನ್ನೂ ಚುಚ್ಚುವಂತಿಲ್ಲ. ಗುಂಯ್ ಸದ್ದು ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುವ ಕೆಟ್ಟ ರೂಢಿ ಎಲ್ಲ ಕಡೆ ಇದೆ. ಕೈಯಲ್ಲಿ ಗಿಟಾರ್ ತಂತಿ, ತುಟಿ ಮೈಕಿನ ಜಾಲರಿಗೆ, ಕಾಲ ಕೆಳಗೆ ಒದ್ದೆ ಹುಲ್ಲು: ಆ ಸ್ಥಿತಿಯಲ್ಲಿ ಕಾಪಾಡುವುದು ಆ ಮೂರನೆಯ ಪಿನ್ನೇ. ಸದ್ದು ಹೋಗಬೇಕಾದರೆ ಡಿಐ ಬಾಕ್ಸಿನ (ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಪೆಟ್ಟಿಗೆಯ) ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ, ಸ್ಟೇಜಿನ ಸಾಮಾನು ಮತ್ತು ಮಿಕ್ಸರ್ ಎರಡನ್ನೂ ಒಂದೇ ಮೂಲದ ಕರೆಂಟಿಗೆ ಕೊಡಿ.

ವರ್ಷ ಶುರುವಾಗುವುದು ಜೂನ್‌ನಲ್ಲಿ. ಮಳೆ ತಿಂಗಳುಗಳಲ್ಲಿ ಹೊರಗೆ ಕಾರ್ಯಕ್ರಮ ಕಡಿಮೆ, ಆದ್ದರಿಂದ ಸೆಪ್ಟೆಂಬರ್ ಮೊದಲಿನ ಕೈಲ್‌ಪೊಳ್ದ್ ಹಬ್ಬದವರೆಗೆ ಕೋಣೆಯೊಳಗಿನ ಕೆಲಸ: ಸ್ವರಜ್ಞಾನ, ಲಯ, ವಾರಕ್ಕೆ 45 ನಿಮಿಷ ಒಬ್ಬೊಬ್ಬರಿಗೇ ವಾದ್ಯಪಾಠ, 90 ನಿಮಿಷದ ತಂಡದ ಅಭ್ಯಾಸ ಎರಡು ಸಲ. ದಸರಾ ಹೊತ್ತಿಗೆ ಸಣ್ಣ ವೇದಿಕೆ, ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಮೇಲೆ ರೆಸಾರ್ಟು, ಏಪ್ರಿಲ್–ಮೇ ಮದುವೆ.

ಕೀ ಬದಲಿಸುವ ಪಾಠಕ್ಕೆ ಅಂಕಿಯ ಕಾರ್ಡ್ (chord, ಸ್ವರಗುಚ್ಛ) ಪದ್ಧತಿ ಬಳಸುತ್ತೇವೆ. ಸರಿಗಮ ಬಲ್ಲವರಿಗೆ ಇದು ವಾರದ ಕೆಲಸ: 1-5-6-4 ಎಂದರೆ ಸ-ಪ-ದ-ಮ, ಷಡ್ಜ ಎಲ್ಲಿಟ್ಟರೂ ಅದೇ. ಗಾಯಕಿ ಎರಡು ಮನೆ ಕೆಳಗೆ ಕೇಳಿದರೆ ಕಾಗದ ಬದಲಾಗುವುದಿಲ್ಲ. ಸಾಹಿತ್ಯ ಮಾತ್ರ ಆಯಾ ಭಾಷೆ ಚೆನ್ನಾಗಿ ಬಲ್ಲವರ ಎದುರು ಓದಿ ತಿದ್ದಿಕೊಳ್ಳಬೇಕು, ಕನ್ನಡ ಹಾಡನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹಾಡಿದವರ ಬಾಯಲ್ಲಿ ಳ, ಣ, ಹ್ರಸ್ವ-ದೀರ್ಘ ಎಲ್ಲವೂ ಅಳಿಸಿಹೋಗುತ್ತವೆ.

ಎರಡು ಗಂಟೆ ಎಂದರೆ 50 ನಿಮಿಷದ ಎರಡು ಸುತ್ತು, ನಡುವೆ 20 ನಿಮಿಷ ಬಿಡುವು. ಸುತ್ತಿಗೆ 12 ಹಾಡು. 24 ಹಾಡು, ಬೇಡಿಕೆಗೆಂದು ಇನ್ನೂ 16, ಒಟ್ಟು 40. ಅರ್ಧ ಕನ್ನಡ, ಉಳಿದದ್ದು ಹಿಂದಿ, ಮಲಯಾಳಂ, ತಮಿಳು, ಇಂಗ್ಲಿಷ್. ಕೊಡವ ತಕ್ಕಿನವು (ಕೊಡವ ಭಾಷೆಯವು) ಎರಡಾದರೂ ಇರಲೇಬೇಕು. ಕೊಡವ ಮದುವೆಯಲ್ಲಿ ವಾಲಗದವರ ಜಾಗ ವಾಲಗದವರದ್ದೇ. ಅವರು ನಿಲ್ಲಿಸಿ ಕೂತ ಮೇಲೆ ಬ್ಯಾಂಡ್ ಶುರು. ಕೀಬೋರ್ಡಿನಲ್ಲಿ ವಾಲಗದ ನಕಲು ನುಡಿಸುವುದನ್ನು ನಾವು ಕಲಿಸುವುದಿಲ್ಲ.

ಲಯಕ್ಕೆ ಒಂದೇ ಪರೀಕ್ಷೆ. ಕ್ಲಿಕ್ (ವೇಗ ತೋರಿಸುವ ಟಿಕ್ ಟಿಕ್ ಸದ್ದು) ಇಲ್ಲದೆ ನುಡಿಸಿದ್ದನ್ನು ರೆಕಾರ್ಡ್ ಮಾಡಿ, ಮೊದಲ ಮತ್ತು ಕೊನೆಯ ನಿಮಿಷದ ವೇಗ ಅಳೆಯಿರಿ. ವ್ಯತ್ಯಾಸ ನಿಮಿಷಕ್ಕೆ 4 ಬಡಿತಕ್ಕಿಂತ ಹೆಚ್ಚಿದ್ದರೆ ಹಾಡು ಸಿದ್ಧವಾಗಿಲ್ಲ. ವೇಗ ಏರುವುದು ಸಾಮಾನ್ಯವಾಗಿ ಪಲ್ಲವಿಗೆ ಮುಂಚಿನ ಡ್ರಮ್ ಫಿಲ್‌ನಲ್ಲಿ (ಎರಡು ಭಾಗಗಳ ನಡುವೆ ತುಂಬುವ ನುಡಿಸಾಟದಲ್ಲಿ). ಕಿವಿಯ ಲೆಕ್ಕವೂ ಇದೆ: 85 ಡೆಸಿಬೆಲ್ ಎಂಟು ಗಂಟೆ ತಡೆದೀತು, ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧ. 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ. ಡ್ರಮ್ ಕೋಣೆಯಲ್ಲಿ ಕಿವಿಬಿರಡೆ ಇಲ್ಲದವರಿಗೆ ಪ್ರವೇಶವಿಲ್ಲ.

ಸೌಂಡ್ ಚೆಕ್ ಕ್ರಮ: ಕಿಕ್, ಸ್ನೇರ್ (ಎರಡೂ ಡ್ರಮ್ಸಿನ ಭಾಗ), ಬೇಸ್, ಗಿಟಾರ್, ಕೀಬೋರ್ಡ್, ಕೊನೆಗೆ ಗಾಯನ; ಆಮೇಲೆ ಎಲ್ಲರೂ ಸೇರಿ ಅತಿ ಜೋರಿನ ಹಾಡು. ಡಿಜಿಟಲ್ ಮಿಕ್ಸರಿನಲ್ಲಿ ಗೇನ್ (ಒಳಬರುವ ಸದ್ದಿನ ಮಟ್ಟ) ಮೀಟರಿನಲ್ಲಿ ಸರಾಸರಿ ಮೈನಸ್ 18 ಡೆಸಿಬೆಲ್ ಹತ್ತಿರ. ಗಾಯನದ ಮೈಕಿಗೆ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಎಸ್‌ಎಂ58 ಥರದ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕಾದರೆ ಮಾನಿಟರ್ (ಗಾಯಕರ ಕಡೆ ಮುಖಮಾಡಿದ ಸ್ಪೀಕರ್) ನೇರವಾಗಿ ಮೈಕಿನ ಬೆನ್ನಿಗೆ. ಇನ್ನೂ ಕಿರಿದಾಗಿ ಹಿಡಿಯುವ ಸೂಪರ್ ಕಾರ್ಡಿಯಾಯ್ಡಿಗೆ ಸ್ವಲ್ಪ ಬದಿಗೆ. ಸ್ಪೀಕರಿನಿಂದ ಕೂಗು (ಫೀಡ್‌ಬ್ಯಾಕ್) ಎದ್ದಾಗ ಮೊದಲು ಗಾಯಕರ ಕೈ ನೋಡಿ. ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಹಿಡಿದರೆ ಹಿಂದಿನ ರಂಧ್ರಗಳು ಮುಚ್ಚಿ, ಎಲ್ಲ ದಿಕ್ಕಿನ ಸದ್ದೂ ಒಳಗೆ ಬರುತ್ತದೆ. ಈಜುಕೊಳದ ಪಕ್ಕ, ಹುಲ್ಲುಹಾಸಿನಲ್ಲಿ ರಾತ್ರಿ ಎಂಟರ ಮೇಲೆ ಮಂಜು ಇಳಿಯುತ್ತದೆ. ಬಿಡುವಿನಲ್ಲಿ ಮಿಕ್ಸರಿಗೆ ಬಟ್ಟೆ ಹೊದಿಸಿ. ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ, ಹಾಗಾಗಿ ಏಳಕ್ಕೆ ಶುರು ಮಾಡುವ ಒಪ್ಪಂದವೇ ಒಳ್ಳೆಯದು.

ದರಪತ್ರದಲ್ಲಿ ಸಂಭಾವನೆ, ಸೌಂಡ್, ಸಾಗಣೆ, ಊಟ-ವಸತಿ ಬೇರೆ ಬೇರೆ ಸಾಲಿನಲ್ಲಿರಲಿ. ಮುಂಗಡ ಅರ್ಧ. ಮೇಲ್ಛಾವಣಿ ಇರುವ ವೇದಿಕೆ ಒದಗಿಸುವುದು ಆಯೋಜಕರ ಹೊಣೆ, ಮಳೆಯಿಂದ ರದ್ದಾದರೆ ಮುಂಗಡ ವಾಪಸಿಲ್ಲ ಎಂಬುದನ್ನು ಬರೆದೇ ಒಪ್ಪಿಸಿ. ರೆಸಾರ್ಟಿನಂಥ ವಾಣಿಜ್ಯ ಜಾಗದಲ್ಲಿ ಬೇರೆಯವರ ಹಾಡು ಹಾಡಲು ಐಪಿಆರ್‌ಎಸ್ (ಗೀತಕಾರರು, ಸಂಗೀತ ಸಂಯೋಜಕರ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಪರವಾನಗಿ ಯಾರು ಪಡೆಯುತ್ತಾರೆ ಎಂಬುದೂ ಅಲ್ಲೇ ನಮೂದಾಗಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಮದುವೆ ಮತ್ತು ಅದಕ್ಕೆ ಸೇರಿದ ಸಮಾರಂಭಗಳಿಗೆ ವಿನಾಯಿತಿ ಕೊಟ್ಟಿದೆ. ಸ್ವಂತ ಹಾಡಾದರೆ ಸಾಹಿತ್ಯ ಯಾರದು, ರಾಗ ಯಾರದು, ಎಷ್ಟೆಷ್ಟು ಪಾಲು ಎಂಬ ಹಾಳೆಗೆ ಹಾಡು ಮುಗಿದ ದಿನವೇ ಎಲ್ಲರೂ ಸಹಿ ಹಾಕಬೇಕು. ಹಣ ಬರತೊಡಗಿದ ಮೇಲೆ ಕೂತರೆ ನೆನಪುಗಳು ಹೊಂದುವುದಿಲ್ಲ.

ಹೆತ್ತವರಿಗೆ ಸೇರಿಸುವ ದಿನವೇ ಹೇಳುತ್ತೇವೆ: ಇದು ಪದವಿ ಅಲ್ಲ. ಬಯಸಿದವರು ಬ್ರಿಟನ್ನಿನ ಸಂಸ್ಥೆಗಳಾದ ಟ್ರಿನಿಟಿ ಅಥವಾ ರಾಕ್‌ಸ್ಕೂಲ್‌ನ ಗ್ರೇಡ್ ಪರೀಕ್ಷೆಗೆ ಕೂರಬಹುದು. ಸಂಗೀತ ಮೇಷ್ಟ್ರ ಕೆಲಸ ಕೇಳುವಾಗ ತೋರಿಸಲು ಅದು ಒಂದು ಕಾಗದ. ನುಡಿಸುವುದಕ್ಕಿಂತ ಸೌಂಡ್‌ನಲ್ಲಿ ಕೈ ಪಳಗಿದವರಿಗೆ ವರ್ಷಪೂರ್ತಿ ಕೆಲಸ ಸಿಗುವ ಸಾಧ್ಯತೆ ಹೆಚ್ಚು ಎಂಬುದನ್ನೂ ಮುಚ್ಚಿಡುವುದಿಲ್ಲ.

ಕೊನೆಯ ಪರೀಕ್ಷೆ ಪೂರ್ತಿ ಎರಡು ಗಂಟೆಯ ಕಾರ್ಯಕ್ರಮ, ಊರಿನವರ ಎದುರು. ನಡುವೆ ಯಾವುದೋ ಒಂದು ಹಾಡಿನಲ್ಲಿ ಮೇಷ್ಟ್ರು ಮೇನ್ ಸ್ವಿಚ್ ಇಳಿಸುತ್ತಾರೆ. ಯಾವ ಹಾಡು ಎಂದು ಹೇಳುವುದಿಲ್ಲ. ಡ್ರಮ್ಸ್ ಮತ್ತು ಅಕೂಸ್ಟಿಕ್ ಗಿಟಾರ್ ನಿಲ್ಲಬಾರದು, ಗಾಯಕರು ಮುಂದೆ ಬಂದು ಬರಿಗಂಟಲಲ್ಲಿ ಹಾಡಬೇಕು. ಸೌಂಡ್‌ನಲ್ಲಿರುವವರು ಪವರ್ ಆಂಪ್ ಮೊದಲು, ಮಿಕ್ಸರ್ ಆಮೇಲೆ ಆಫ್ ಮಾಡಬೇಕು. ಕರೆಂಟ್ ಬಂದ ಮೇಲೆ ಮೀಟರ್ ಹಿಡಿದು ವೋಲ್ಟೇಜ್ ನಿಂತದ್ದು ನೋಡಿ ಮಿಕ್ಸರ್ ಮೊದಲು, ಆಂಪ್ ಕೊನೆಗೆ. ಡಬ್ ಎಂಬ ಸದ್ದು ಬಂದರೆ ಐದು ಅಂಕ ಕಡಿತ.