ಚೀಟ್ ಇಲ್ಲದೆ 60 ನಿಮಿಷದಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ: ಎಸ್‌ಡಿಎಲ್‌ಪಾಪ್ ಜೊತೆ ನನ್ನ ಅನುಭವ

ಡಾಸ್ (ವಿಂಡೋಸ್‌ಗೂ ಮೊದಲಿನ ಪಿಸಿ ವ್ಯವಸ್ಥೆ) ಕಾಲದ ಕಂಪ್ಯೂಟರ್ ಆಟ ಪ್ರಿನ್ಸ್ ಆಫ್ ಪರ್ಷಿಯಾ ಆಡಿದವರು ಬಹಳ ಮಂದಿ, ಕೊನೆ ಮುಟ್ಟಿಸಿದವರು ಕಡಿಮೆ. ಇಡೀ ಆಟಕ್ಕೆ ಸಿಗುವುದು 60 ನಿಮಿಷ. ಸತ್ತರೆ ಲೆವೆಲ್ ಮೊದಲಿಂದ ಶುರುವಾಗುತ್ತದೆ, ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ಚೀಟ್ ಹಾಕದೆ ಮುಗಿಸಲೇಬೇಕು ಎಂದು ಹಟ ಹಿಡಿದಾಗ ನನ್ನ ಕೈಹಿಡಿದದ್ದು ಎಸ್‌ಡಿಎಲ್‌ಪಾಪ್, ಅದೇ ಆಟ ಈಗಿನ ಕಂಪ್ಯೂಟರುಗಳಲ್ಲಿ ಓಡುವಂತೆ ಮಾಡಿದ ರೂಪ.

ಇದು ಕಂಪನಿ ಬಿಟ್ಟ ಆವೃತ್ತಿಯಲ್ಲ. ಜೋರ್ಡನ್ ಮೆಕ್ನರ್ 1989ರಲ್ಲಿ ಆ್ಯಪಲ್ 2ಗೆ ಬರೆದ ಆಟ ಮರುವರ್ಷ ಡಾಸ್‌ಗೆ ಬಂತು. ಆ ಡಾಸ್ ಪ್ರೋಗ್ರಾಮನ್ನು ಅಭಿಮಾನಿಗಳು ಡಿಸ್‌ಅಸೆಂಬಲ್ ಮಾಡಿ (ಯಂತ್ರಭಾಷೆಯನ್ನು ಓದಬಲ್ಲ ಸೂಚನೆಗಳಾಗಿ ಬಿಡಿಸಿ) ಸಿ ಭಾಷೆಯಲ್ಲಿ ಮತ್ತೆ ಬರೆದಿದ್ದಾರೆ. ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತ. ನೋಡಿ ಅನುಕರಿಸಿದ್ದಲ್ಲದ ಕಾರಣ ಹಳೆಯ ಲಯ ಒಂದಿಷ್ಟೂ ಕೆಟ್ಟಿಲ್ಲ: ಓಡುವಾಗ ಸೆಕೆಂಡಿಗೆ 12 ಫ್ರೇಮ್, ಕತ್ತಿ ಹಿರಿದರೆ 10. ಈ ಆಟದಲ್ಲಿ ಲಯವೇ ಎಲ್ಲ. ಮೆಕ್ನರ್ ತನ್ನ ತಮ್ಮ ಓಡಿ ನೆಗೆಯುವುದನ್ನು ವಿಡಿಯೋ ಮಾಡಿಕೊಂಡು ಅದರ ಮೇಲಿಂದಲೇ ರಾಜಕುಮಾರನ ಚಲನೆ ಬರೆದರು. ಶುರುವಾದ ಹೆಜ್ಜೆ ಮುಗಿಯದೆ ಮುಂದಿನದು ಬರುವುದಿಲ್ಲ, ಆದ್ದರಿಂದ ನೆಗೆತವನ್ನು ಮೊದಲೇ ತೀರ್ಮಾನಿಸಬೇಕು.

ನನ್ನದು ಲಿನಕ್ಸ್. ಆಟಕ್ಕೆ ಚಿತ್ರ, ಶಬ್ದ, ಕೀಬೋರ್ಡ್ ಒದಗಿಸುವ ಎಸ್‌ಡಿಎಲ್2 ಲೈಬ್ರರಿ ಮತ್ತು ಅದರ ಇಮೇಜ್ ಲೈಬ್ರರಿ ಹಾಕಿಕೊಂಡು, ಸೋರ್ಸ್ ಫೋಲ್ಡರಿನಲ್ಲಿ ಮೇಕ್ (make) ಆಜ್ಞೆ ಕೊಟ್ಟರೆ ಆಟ ಸಿದ್ಧ. ವಿಂಡೋಸ್‌ನವರಿಗೆ ಅಷ್ಟೂ ಕೆಲಸವಿಲ್ಲ. ಹಳೆಯ ಬಗ್‌ಗಳನ್ನು ಸರಿಪಡಿಸುವ ಆಯ್ಕೆಗಳೂ ಸೆಟ್ಟಿಂಗ್‌ನಲ್ಲಿವೆ. ನಾನು ಅವನ್ನು ಮುಟ್ಟಲಿಲ್ಲ. ಮುಚ್ಚಿದ ಗೇಟಿನ ಆಚೆಯ ಕಲ್ಲನ್ನು ಒತ್ತಲು ಬರುವಂಥ ವಿಚಿತ್ರಗಳೂ ನನಗೆ ಆ ಆಟದ ಭಾಗವೇ.

ನಿಜವಾದ ಉಪಕಾರ ಎಫ್6 (ಉಳಿಸಲು) ಮತ್ತು ಎಫ್9 (ಮರಳಲು) ಕೀಗಳದ್ದು. ಮೂಲದಲ್ಲಿ ಸೇವ್ ಮಾಡಲು ಮೂರನೇ ಲೆವೆಲ್ ತಲುಪಬೇಕಿತ್ತು, ತೆರೆದರೂ ಲೆವೆಲ್ಲಿನ ಆರಂಭಕ್ಕೇ ಹೋಗುತ್ತಿತ್ತು. ಇಲ್ಲಿ ನಿಂತ ಜಾಗದಲ್ಲೇ ಉಳಿಸಿ ಅಲ್ಲಿಗೇ ಮರಳಬಹುದು. ಮೂರನೇ ಲೆವೆಲ್ಲಿನ ಆ ಗೇಟು ನೆನಪಿದೆಯಲ್ಲ? ಹಾಸುಗಲ್ಲು ತುಳಿದರೆ ಅದು ಮೇಲೇಳುತ್ತದೆ, ಹಳ್ಳ ಹಾರುತ್ತಾ ತಲುಪುವಷ್ಟರಲ್ಲಿ ಇಳಿದುಬಿಡುತ್ತದೆ. ಕಲ್ಲಿಗೆ ಸ್ವಲ್ಪ ಮೊದಲು ಉಳಿಸಿಕೊಂಡು ಆ ಓಟವೊಂದನ್ನೇ ತಿದ್ದಿದೆ. ಸಿಕ್ಕ ಸೂತ್ರ ಇಷ್ಟು: ಶಿಫ್ಟ್ ಹಿಡಿದು ಸಣ್ಣ ಹೆಜ್ಜೆಯಲ್ಲಿ ಅಂಚಿಗೆ ಬಂದು ನಿಂತರೆ ಪ್ರತಿ ಸಲ ನಿಲ್ಲುವ ಜಾಗ ಒಂದೇ ಆಗುತ್ತದೆ. ಅಲ್ಲಿಂದ ಹಿಂದಕ್ಕೆ ಎಷ್ಟು ಹೆಜ್ಜೆ, ಓಟ ಎಲ್ಲಿಂದ ಎಂಬುದನ್ನು ಒಮ್ಮೆ ಗಟ್ಟಿ ಮಾಡಿಕೊಂಡರೆ ಬೆರಳು ತಾನೇ ನಡೆಯುತ್ತದೆ. ಹೀಗೆ ತೊಡಕಿನ ಕೋಣೆಗಳನ್ನೆಲ್ಲ ಬಿಡಿಬಿಡಿಯಾಗಿ ಪಳಗಿಸಿದೆ. ಪೂರ್ತಿ ಆಟಕ್ಕೆ ಕೂತಾಗ ಮಾತ್ರ ಆ ಎರಡು ಕೀಗಳಿಗೆ ಕೈ ಹಾಕಲಿಲ್ಲ.

12ನೇ ಲೆವೆಲ್ಲಿನಲ್ಲಿ ಎದುರಾಗುವ ರಾಜಕುಮಾರನದೇ ನೆರಳಿನ ಎದುರು ಅಭ್ಯಾಸ ಉಪಯೋಗಕ್ಕೆ ಬರುವುದಿಲ್ಲ. ಅವನಿಗೆ ಹೊಡೆದರೆ ಪೆಟ್ಟು ನಮಗೇ. ಕತ್ತಿ ಒಳಗಿಟ್ಟು ಅವನ ಕಡೆಗೇ ಓಡಬೇಕು, ಇಬ್ಬರೂ ಒಂದಾಗುತ್ತಾರೆ. ಮುಂದೆ ನೆಲವೇ ಕಾಣದ ಕಡೆಗೆ ಧೈರ್ಯವಾಗಿ ಓಡಿದರೆ ಕಾಲ ಕೆಳಗೆ ಕಲ್ಲುಗಳು ಮೂಡುತ್ತಾ ಹೋಗುತ್ತವೆ. ಮೆಮೊರಿ ಸಾಲದೆ ರಾಜಕುಮಾರನ ಚಿತ್ರಗಳನ್ನೇ ಎಕ್ಸ್‌ಓಆರ್ (XOR, ಬಿಟ್‌ಗಳನ್ನು ಹೋಲಿಸಿ ಬದಲಿಸುವ ಲೆಕ್ಕ) ಮಾಡಿ ಹುಟ್ಟಿಸಿದ ಪಾತ್ರ ಆ ನೆರಳು; ಇಡೀ ಆಟದ ಅತಿ ಸುಂದರ ಒಗಟು ಅದೇ ಎನ್ನುತ್ತೇನೆ ನಾನು. ಆಟದ ಖಳನಾಯಕ ಜಾಫರನನ್ನು ಮುಗಿಸಿ ರಾಜಕುಮಾರಿಯ ಬಳಿ ಹೋದಾಗ ಗಡಿಯಾರದಲ್ಲಿ ಇನ್ನೂ ಸಮಯವಿತ್ತು. ಈಗ ಅಪೊಪ್ಲೆಕ್ಸಿ ಎಂಬ ಲೆವೆಲ್ ಎಡಿಟರ್ ತೆರೆದು ನನ್ನದೇ ಕೋಣೆಗಳನ್ನು ಕಟ್ಟುತ್ತಿದ್ದೇನೆ.